ಏನು ಕಾಣಸ್ತದ, ಅದನ್ನ ಹೇಳ್ರಿ

"ಲ್ಯಾಪ್‌ಟಾಪ್ ಕೆಟ್ಟದ, ಏನು ಮಾಡ್ಬೇಕು?" ಅಂತ ಯಾರರೆ ಕೇಳಿದ್ರ ಈಗೀಗ ನನಗ ನಗು ಬರ್ತದ. ಇದು ಹೆಂಗಂದ್ರ, ಪುಣೆದಿಂದ ನಮ್ಮ ಮಗಳು ಫೋನ್ ಮಾಡಿ "ಅಮ್ಮಾ, ಉಂಡಿ ಆಗವಲ್ವು" ಅಂದ್ಹಂಗ. ಯಾವ ಉಂಡಿ ನಮ್ಮವ್ವಾ? ರವಾದ್ದೋ, ಬೇಸನ್ನಿಂದೋ? ಪಾಕ ಒಂದೆಳಿ ಬಂದಿತ್ತೋ, ಎರಡೆಳಿಯೋ? ಕಟ್ಟಲಿಕ್ಕೆ ಹೋದ್ರ ಉದರ್ತಾವೋ, ಕೈಗೆ ಅಂಟ್ತಾವೋ, ಕಲ್ಲಾಗಿ ಕೂತಾವೋ? ಇಷ್ಟು ಗೊತ್ತಾದ ಮ್ಯಾಲೆನ ನಾ ಏನರೆ ಹೇಳಬಹುದು. ಇಲ್ಲೆ ಧಾರವಾಡದಾಗ ಕೂತು ಅಲ್ಲೆ ಅಕಿ ಬುಟ್ಟ್ಯಾಗ ಏನದ ಅಂತ ನನಗ ಕಾಣಸಂಗಿಲ್ಲಲ್ಲ.

ಲಿನಕ್ಸ್ ಬಳಸೋ ಮಂದಿ ನಡುವ ಸಹಾಯ ಕೇಳೋದು, ಸಹಾಯ ಮಾಡೋದು ಎಲ್ಲಾ ಇದರ ಮ್ಯಾಲೆ ನಿಂತದ. ನಮ್ಮನ್ಯಾಗ ಲಿನಕ್ಸ್ ಬಂದು ನಾಕು ತಿಂಗಳಾತು. ನಾ ಓದಿದ್ದು ಪಿಯುಸಿ ತನಕ, ಅದೂ ಆರ್ಟ್ಸ್. ಹಿಂಗಾಗಿ ಇಲ್ಲೆ ಬರೀಲಿಕ್ಕೆ ಹತ್ತಿದ್ದು ಶಾಸ್ತ್ರ ಅಲ್ಲ, ಕಂಡದ್ದು.

ಗೊತ್ತಿಲ್ಲದವರಿಗೆ ಒಂದು ಮಾತು. ಲಿನಕ್ಸ್ ಅಂದ್ರ ವಿಂಡೋಸ್ ಇದ್ಧಂಗ, ಕಂಪ್ಯೂಟರ್ ನಡಸೋ ಬುನಾದಿ ಸಾಫ್ಟ್‌ವೇರ್. ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ 1991ರಾಗ ಹೆಲ್ಸಿಂಕಿಯೊಳಗ ಓದ್ಲಿಕ್ಕೆ ಹತ್ತಿದಾಗ ಶುರು ಮಾಡಿದ. ನಾ ಹಿಂಗೊಂದು ಮಾಡ್ಲಿಕ್ಕೆ ಹತ್ತೀನಿ, ನಿಮಗೇನೇನು ಬೇಕಾಗ್ಯದ ಹೇಳ್ರಿ ಅಂತ ಅವ ಬಳಸೋ ಮಂದೀನ್ನ ಕೇಳಿಕೊಂಡ ಶುರು ಮಾಡಿದ್ನಂತ. ಯಾರು ಬೇಕಾದ್ರೂ ಬಳಸಬಹುದು, ಒಳಗ ಹೆಂಗದ ಅಂತ ನೋಡಬಹುದು, ತಿದ್ದಬಹುದು. ಅದರಾಗೂ ಭಾಳ ನಮೂನಿ ಅದಾವ; ನಮ್ಮ ಮನಿಗೆ ಬಂದದ್ದು ಲಿನಕ್ಸ್ ಮಿಂಟ್. ಅದರ ಪ್ರತಿ ಆವೃತ್ತಿಗೂ ಹೆಣ್ಣಮಕ್ಕಳ ಹೆಸರ ಇಡ್ತಾರ, ಅದೂ ‘ಆ’ ಅಂತ ಮುಗಿಯೋ ಹೆಸರು. 2006ರಾಗ ಮೊದಲನೇದು ಏಡಾ. ನಮ್ಮದು 22.2, ಅಕಿ ಹೆಸರು ಜಾರಾ. ಮನ್ಯಾಗ ಒಬ್ಬಾಕಿ ಹೆಚ್ಚಿಗಿ ಇದ್ಧಂಗ ಆತು ನನಗ.

ನಮ್ಮ ಲ್ಯಾಪ್‌ಟಾಪ್ 2014ರದ್ದು, ಮಾವನವರು ಇದ್ದಾಗ ತಗೊಂಡದ್ದು. 4 ಜಿಬಿ ರ‍್ಯಾಮು. ಅದರಾಗ ಇದ್ದದ್ದು ವಿಂಡೋಸ್ 10. ಅದಕ್ಕ ಎಲ್ಲರಿಗೂ ಬರೋ ಸುರಕ್ಷಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕ ನಿಂತುವು. ವಿಂಡೋಸ್ 11ಕ್ಕ ಟಿಪಿಎಂ 2.0 ಅನ್ನೋದೊಂದು ಬೇಕು, ಪ್ರೊಸೆಸರೂ ಹೊಸಾದಿರಬೇಕು. ನಮ್ಮದರಾಗ ಎರಡೂ ಇಲ್ಲ. ದುರಸ್ತಿ ಅಂಗಡಿಯವ ತೆಗದೂ ನೋಡಲಿಲ್ಲ, "ಗುಜರಿಗೆ ಹಾಕ್ರಿ ಅಕ್ಕಾರ, ಹೊಸಾದು ತಗೋರಿ" ಅಂದ. ಈ ವೈಶಾಖದಾಗ ಮಗಳ ಮದವಿ ಅದ. ಮದವಿ ಮನ್ಯಾಗ ಲ್ಯಾಪ್‌ಟಾಪಿಗಂತ ರೊಕ್ಕ ಎಲ್ಲಿಂದ ತೆಗೀಬೇಕು?

ಅದಕಿಂತ ದೊಡ್ಡ ಚಿಂತಿ ಬ್ಯಾರೇನ ಇತ್ತು. ಅದರೊಳಗ ನಮ್ಮತ್ತಿ ಹಾಡು ಇದ್ದುವು. ಅತ್ತಿಗೆ ಈಗ ಎಂಬತ್ನಾಕು. ಆರತಿ ಹಾಡು, ಉರುಟಣಿ ಹಾಡು, ಬೀಗರ ಹಾಡು, ಒಂದು ಕಾಲಕ್ಕ ಪುಸ್ತಕ ಮುಟ್ಟದ ತಾಸುಗಟ್ಟಲೆ ಹಾಡೋರು. ಮಾವನವರು ದಿನಾ ಮಧ್ಯಾಹ್ನ ಚಹಾ ಆದ ಮ್ಯಾಲೆ ಅವರನ್ನ ಎದುರಿಗೆ ಕೂಡಿಸಿಕೊಂಡು, ಅವರು ಹೇಳಿದ್ಹಂಗ ನುಡಿ ತಂತ್ರಾಂಶದಾಗ ಟೈಪ್ ಮಾಡ್ತಿದ್ರು. ಎರಡು ವರ್ಷದಾಗ ನಲವತ್ತಾರು ಹಾಡಾದ್ವು. ವಹಿಯೊಳಗ ಬರದಿಟ್ಟದ್ದು ಒಂದೂ ಇಲ್ಲ. ಈಗ ಮಾವನವರಿಲ್ಲ. ಅತ್ತಿಗೆ ಮರವು ಬಂದದ. ಒಂದು ಹಾಡು ಹಿಡೀತಾರ, ಎರಡನೇ ಚರಣಕ್ಕ ಬ್ಯಾರೆ ಹಾಡು ಕೂಡಿಕೋತದ, "ಯಾಕೋ ದಾರಿ ತಪ್ಪಿತು ನೋಡು" ಅಂತ ಸುಮ್ಮನಾಗ್ತಾರ. ಮೊಮ್ಮಗಳ ಮದವ್ಯಾಗ ಆ ಹಾಡು ಆಗಬೇಕು ಅನ್ನೋದು ಅವರ ಒಂದ ಆಸೆ.

ದೀಪಾವಳಿಗೆ ನಮ್ಮ ತಂಗಿ ಮಗ ಬೆಂಗಳೂರಿಂದ ಬಂದಿದ್ದ. ಪೆನ್‌ಡ್ರೈವಿನಾಗ ಮಿಂಟ್ ತುಂಬಿಸಿಕೊಂಡು ಬಂದು, "ಮೌಶಿ, ಇದನ್ನ ಹಾಕೂಕಿಂತ ಮೊದ್ಲ ನಡಸಿ ನೋಡಬಹುದು" ಅಂದ. ಇದು ನನಗ ಭಾಳ ಸೇರಿತು. ಹಳೇದನ್ನ ಮುಟ್ಟಂಗಿಲ್ಲ, ಪೆನ್‌ಡ್ರೈವಿಂದನ ಕಂಪ್ಯೂಟರ್ ಶುರು ಆಗ್ತದ. ಅಂಗಡ್ಯಾಗ ಸೀರಿ ಮೈಮ್ಯಾಲೆ ಇಟ್ಕೊಂಡು ಕನ್ನಡಿ ಮುಂದ ನಿಂತು ನೋಡಿಧಂಗ. ಸೌಂಡ್ ಬರ್ತದೋ ಇಲ್ಲೋ, ಕೀಲಿಮಣಿ, ಪರದೆ, ವೈಫೈ ಎಲ್ಲಾ ಆವಾಗ ನೋಡಿಕೋಬೇಕು. ನಮ್ಮದರಾಗ ಎಲ್ಲಾ ಬಂತು, ವೈಫೈ ಒಂದು ಬರಲಿಲ್ಲ. ಅದು ಆಮ್ಯಾಲೆ ಬರ್ತದ ಅಂದ. ಹಾಕೋಕಿಂತ ಮೊದ್ಲ ಎಲ್ಲಾ ಫೈಲು ಬ್ಯಾರೆ ಡಿಸ್ಕಿನಾಗ ಕಾಪಿ ಮಾಡಿಸಿದ. ಕಾಪಿ ಮಾಡಿದ್ರ ಸಾಲಂಗಿಲ್ಲ, ಆ ಕಾಪಿ ತೆಗದು ಫೋಟೊ ಕಾಣಸ್ತಾವೋ, ಫೈಲು ಎಷ್ಟದಾವೋ ಎಣಿಸಿ ನೋಡು ಅಂತ ಹಟಾ ಹಿಡದು ನನ್ನ ಕಡಿಂದನ ಎಣಿಸಿದ. ಈ ಹುಡುಗನ್ನ ಅವರವ್ವ ಛಲೋ ಬೆಳಿಸ್ಯಾಳ. ರಾತ್ರಿ ಹನ್ನೊಂದಕ್ಕ ಮಿಂಟ್ ಹಾಕಿ ಮುಗಿಸಿದ, ಹನ್ನೆರಡರ ಬಸ್ಸಿಗೆ ಹೋದ. ಹೋಗೂ ಮುಂದ ಲಿನಕ್ಸ್ ಬಳಸೋ ಕನ್ನಡ ಮಂದಿ ಗುಂಪೊಂದಕ್ಕ ನನ್ನನ್ನೂ ನಮ್ಮನಿಯವರನ್ನೂ ಸೇರಿಸಿ ಹೋದ.

ಮರುದಿನ ಮುಂಜಾನೆ ನಮ್ಮನಿಯವರು ಗುಂಪಿಗೆ ಬರದ್ರು: "ವೈಫೈ ಬರವಲ್ದು. ಭಾಳ ಅರ್ಜಂಟ್ ಅದ. ದಯಮಾಡಿ ತಿಳಿದವರು ಸಹಾಯ ಮಾಡ್ರಿ." ಜೊತಿಗೆ ಮೂರು ನಮಸ್ಕಾರ. ಸಂಜಿತನಕ ಯಾರೂ ಮಾತಾಡಲಿಲ್ಲ. ಸಂಜಿಕೆ ಒಬ್ಬರು "ಯಾವ ಲ್ಯಾಪ್‌ಟಾಪ್ ರೀ?" ಅಂತ ಕೇಳಿದ್ರು. ನಮ್ಮನಿಯವರು "ಹಳೇದು, ಕರೀದು" ಅಂತ ಉತ್ತರಾ ಕೊಟ್ರು. ಅಲ್ಲಿಗೆ ಮುಗೀತು. "ಇವರಿಗೆಲ್ಲಾ ಸೊಕ್ಕು, ಯಾರೂ ಹೇಳಂಗಿಲ್ಲ" ಅಂತ ಫೋನ್ ಕೆಳಗಿಟ್ರು.

ಸೊಕ್ಕಲ್ಲ ಅದು. ನಾ ಒಂದು ದಿನ ಸುಮ್ಮನ ಕೂತು ಆ ಗುಂಪಿನಾಗ ಬ್ಯಾರೆಯವರು ಏನು ಕೇಳ್ತಾರ, ಯಾರಿಗೆ ಲಗೂನ ಉತ್ತರಾ ಸಿಗ್ತದ ಅಂತ ಓದಿದೆ. ಮೈಸೂರಿನ ಒಬ್ಬ ಹಿರಿಯರದಾರ, ಅವರು ಎಲ್ಲಾರಿಗೂ ಒಂದ ಮಾತು ಹೇಳ್ತಾರ: ಏನಾಗಿರಬೇಕು ಅನ್ನೋದನ್ನ ಬಿಡ್ರಿ, ಏನು ಕಾಣಸ್ತದ ಅದನ್ನ ಹೇಳ್ರಿ. ಎರಿಕ್ ರೇಮಂಡ್ ಅನ್ನೋರು 2001ರಾಗನ ಪ್ರಶ್ನೆ ಹೆಂಗ ಕೇಳಬೇಕು ಅಂತ ಉದ್ದಕ್ಕ ಒಂದು ಲೇಖನ ಬರದಾರಂತ. ಅದರಾಗೂ ಇದ ಅದ, ಲಕ್ಷಣ ಹೇಳ್ರಿ, ನಿಮ್ಮ ಊಹೆ ಅಲ್ಲ. ಡಾಕ್ಟರ್ ಮುಂದ ಹೋಗಿ "ನನಗ ಪಿತ್ತ ಆಗ್ಯದ" ಅಂತ ನಾವ ಹೇಳಿಬಿಡ್ತೀವಲ್ಲ, ಹಂಗ ಮಾಡಬಾರದು. ಹೊಟ್ಟಿ ಎಲ್ಲೆ ನೋಯ್ತದ, ಯಾವಾಗಿಂದ, ಉಂಡ ಮ್ಯಾಲೋ ಉಣ್ಣೂಕಿಂತ ಮೊದ್ಲೋ, ಅದನ್ನ ಹೇಳಬೇಕು.

ಹಿಂಗಾಗಿ ನಾ ಬರದದ್ದು ಇಷ್ಟು. ಲಿನಕ್ಸ್ ಮಿಂಟ್ 22.2, ಎಕ್ಸ್‌ಎಫ್‌ಸಿಇ ಆವೃತ್ತಿ, ನಿನ್ನೆ ರಾತ್ರಿ ಹೊಸದಾಗಿ ಹಾಕಿದ್ದು. ಇದೇ ಲ್ಯಾಪ್‌ಟಾಪಿನಾಗ ಮೊದ್ಲ ವಿಂಡೋಸ್ ಇದ್ದಾಗ ವೈಫೈ ಬರ್ತಿತ್ತು. ಈಗ ವೈಫೈ ಹೆಸರುಗಳ ಪಟ್ಟಿನ ಬರಂಗಿಲ್ಲ. ಅದ ಕೋಣಿಯೊಳಗ ಫೋನಿಗೆ ಬರ್ತದ. ಪೆನ್‌ಡ್ರೈವಿಂದ ನಡಸಿದಾಗೂ ಬಂದಿರಲಿಲ್ಲ. ಆಮ್ಯಾಲೆ ಮಿಂಟಿನ ಮೆನುವಿನಾಗ ಸಿಸ್ಟಮ್ ರಿಪೋರ್ಟ್ಸ್ ಅಂತ ಒಂದದ. ಅದನ್ನ ತೆಗದ್ರ ಯಂತ್ರದ ಪೂರ್ತಿ ಜಾತಕ ಬರ್ತದ. ಯಾವ ಪ್ರೊಸೆಸರು, ಎಷ್ಟು ರ‍್ಯಾಮು, ವೈಫೈ ಚಿಪ್ ಯಾವ ಕಂಪನೀದು, ಅದರ ಡ್ರೈವರ್ ಕೂತದೋ ಇಲ್ಲೋ. ಅಲ್ಲೇ ಕಾಪಿ ಅಂತ ಗುಂಡಿ ಅದ, ಒತ್ತಿ ಹಂಗ ಹಚ್ಚಿದೆ. ಟರ್ಮಿನಲ್ಲಿನಾಗ ಬರಿಯೋರು ‘ಇನ್‌ಕ್ಸಿ’ ಅನ್ನೋ ಆಜ್ಞೆ ಕೊಟ್ಟು ಇದನ್ನ ತಗೀತಾರ. ಫೋಟೊ ಹೊಡದು ಕಳಸೋದಕಿಂತ ಅಕ್ಷರ ಕಾಪಿ ಮಾಡಿ ಕಳಸೋದು ಛಲೋ, ಯಾಕಂದ್ರ ಅವರು ಅದರಾಗಿನ ಒಂದು ಸಾಲು ಎತ್ತಿ ಹುಡುಕಬಹುದು. ಓರೆ ಹೊಡದ ಫೋಟೊದಾಗ ಏನು ಹುಡುಕ್ತಾರ?

ಇಪ್ಪತ್ತು ಮಿನಿಟಿನಾಗ ಮೈಸೂರಿನವರ ಉತ್ತರಾ ಬಂತು. ಆ ಚಿಪ್ಪಿನ ಡ್ರೈವರ್ ಮುಕ್ತವಾಗಿ ಕೊಟ್ಟದ್ದಲ್ಲ, ಅದನ್ನ ಬ್ಯಾರೆ ಹಾಕಬೇಕು. ಹಾಕಲಿಕ್ಕೆ ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಡ್ರೈವರ್ ಬೇಕು. ಕೀಲಿ ಒಳಗಿಟ್ಟು ಬಾಗಲಾ ಹಾಕಿಕೊಂಡ್ಹಂಗ. ಅದಕ್ಕ ದಾರಿ ಏನಂದ್ರ, ಚಾರ್ಜಿಂಗ್ ವಾಯರಿನಿಂದ ಫೋನನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗಿನಾಗ ಯುಎಸ್‌ಬಿ ಟೆದರಿಂಗ್ ಚಾಲೂ ಮಾಡಬೇಕು. ಫೋನಿನ ಡೇಟಾ ಲ್ಯಾಪ್‌ಟಾಪಿಗೆ ಹರೀತದ. ಆಮ್ಯಾಲೆ ಡ್ರೈವರ್ ಮ್ಯಾನೇಜರ್ ತೆಗದು, ಶಿಫಾರಸು ಮಾಡಿದ್ದನ್ನ ಆರಿಸಿ, ರೀಸ್ಟಾರ್ಟ್ ಮಾಡೋದು. ವಾಯರು ಬರೇ ಚಾರ್ಜಿಂಗಿಂದ ಇದ್ರ ನಡ್ಯಂಗಿಲ್ಲ, ಡೇಟಾ ಹೋಗೂ ವಾಯರ ಬೇಕು. ಇದನ್ನೂ ಅವರ ಹೇಳಿದ್ರು. ಅರ್ಧಾ ತಾಸಿನಾಗ ವೈಫೈ ಬಂತು. ಬಂದ ಮ್ಯಾಲೆ ನಾ ಗುಂಪಿನಾಗ "ಬಂತ್ರೀ, ಈ ಡ್ರೈವರ್ ಹಾಕಿದ ಮ್ಯಾಲೆ ಬಂತು" ಅಂತ ಪೂರ್ತಿ ಬರದೆ. ಅದನ್ನ ಬರೀಲಾರದ ಹೋಗೋರ ಭಾಳ ಮಂದಿ. ಮುಂದ ಅದ ಚಿಪ್ ಇದ್ದವರು ಹುಡುಕಿಕೋತ ಬಂದ್ರ ಅವರಿಗೆ ಅರ್ಧಾ ಕತಿ ಇಷ್ಟ ಸಿಗ್ತದ.

ಇನ್ನ ಆಜ್ಞೆ ವಿಷಯ. ಕರೀ ಪರದೆ ಮ್ಯಾಲೆ ಬರೆಯೋ ಟರ್ಮಿನಲ್ ಅಂದ್ರ ಮಂದಿಗೆ ಹೆದರಿಕಿ. ನನಗ ಅದು ಹೆದರಿಕಿ ಅನಸಲಿಲ್ಲ, ಬರೀ ಮಾತು ಕೇಳೋ ಆಳು. ಆದ್ರ ಹೇಳಿದ್ದನ್ನಷ್ಟ ಮಾಡ್ತದ, ತಿರುಗಿ ಕೇಳಂಗಿಲ್ಲ. ಅದರಾಗ ‘ಸುಡೊ’ ಅಂತ ಒಂದು ಮಾತದ. ಮೊದಲ್ನೇ ಸಲ ನೋಡಿ ನಮ್ಮನಿಯವರು "ಏನ ಸುಡಬೇಕಂತ?" ಅಂದ್ರು. ಸುಡೋದಲ್ಲ, ಮನಿ ಯಜಮಾನನ ಅಧಿಕಾರದಿಂದ ಈ ಕೆಲಸಾ ಮಾಡು ಅಂತ ಅರ್ಥ. ಪಾಸ್‌ವರ್ಡ್ ಕೊಟ್ಟಿ ಅಂದ್ರ ಕೀಲಿಗೊಂಚಲ ಕೈಯಾಗ ಕೊಟ್ಹಂಗ. ಹಿಂಗಾಗಿ ಅದು ಇರೋ ಸಾಲನ್ನ ಯಾರೋ ಹೇಳಿದ್ರಂತ ಹಂಗ ಅಂಟಿಸಬಾರದು. ಹೊಸಬರನ್ನ ಆಡಿಕೊಂಡು ನಗಲಿಕ್ಕೆ, "ಇದನ್ನ ಕೊಡು, ಫಾಸ್ಟ್ ಆಗ್ತದ" ಅಂತ ಎಲ್ಲಾ ಅಳಿಸಿ ಹಾಕೋ ಆಜ್ಞೆ ಕೊಡೋ ಕಿಡಿಗೇಡಿಗಳೂ ಅದಾರ. ಸುಡೊ ಆದ ಮ್ಯಾಲೆ ‘ಆರ್‌ಎಂ’ ಅಂತ ಬಂದ್ರ ಅದು ಅಳಸೋ ಮಾತು. ಅಲ್ಲೆ ನಿಂತು ಕೇಳಬೇಕು. ಕೆಟ್ಟ ಮನಸ್ಸಿಲ್ಲದವರೂ ಹಳೇ ಸಲಹಾ ಕೊಡಬಹುದು. ಹತ್ತು ವರ್ಷದ ಹಿಂದಿನ ಆವೃತ್ತಿಗೆ ಸರಿ ಇದ್ದದ್ದು ಈಗಿನದಕ್ಕ ಸರಿ ಇರಬೇಕಂತಿಲ್ಲ.

ನಾ ಏನು ಮಾಡ್ತೀನಂದ್ರ, ಹಾಲಿನ ಲೆಕ್ಕದ ವಹಿ ಹಿಂದಿನ ಹಾಳಿಯೊಳಗ ಬರಕೋತೀನಿ: ತಾರೀಖು, ಯಾರು ಹೇಳಿದ್ರು, ಯಾವ ಸಾಲು, ಅದರಿಂದ ಏನಾತು, ತಿರುಗಿ ತಗೀಬೇಕಂದ್ರ ಹೆಂಗ. ಕೊಟ್ಟವರನ್ನ "ಇದರಾಗಿನ ಒಂದೊಂದು ಮಾತು ಏನು ಮಾಡ್ತದ ಹೇಳ್ರಿ" ಅಂತ ಕೇಳ್ತೀನಿ. ಛಲೋ ಮಂದಿ ಬ್ಯಾಸರಿಲ್ಲದ ಹೇಳ್ತಾರ. ಒಬ್ಬವ "ಮೊದ್ಲ ಮ್ಯಾನುಯಲ್ ಓದಿಕೊಂಡು ಬರ್ರಿ" ಅಂತ ಗದರಿದ. ಅವಂದು ಅರ್ಧಾ ಖರೆ ಅದ. ಟರ್ಮಿನಲ್ಲಿನಾಗ ‘ಮ್ಯಾನ್’ ಅಂತ ಹೊಡದು ಮುಂದ ಆ ಮಾತು ಬರದ್ರ ಅದರ ಪೂರ್ತಿ ವಿವರಣೆ ಬರ್ತದ. ಆದ್ರ ಆ ಇಂಗ್ಲಿಷು ನನ್ನ ಪಿಯುಸಿಗೆ ಹತ್ತಂಗಿಲ್ಲ, ಕನ್ನಡದಾಗ ಎರಡು ಸಾಲು ಹೇಳಿದ್ರ ಅವನ ಗಂಟೇನೂ ಹೋಗ್ತಿದ್ದಿಲ್ಲ.

ಮಿಂಟಿನಾಗ ಟೈಮ್‌ಶಿಫ್ಟ್ ಅಂತ ಒಂದು ಕೂಡೇ ಬಂದಿರ್ತದ. ಏನರೆ ಹೊಸಾದು ಹಾಕೂ ಮೊದ್ಲ ಅದರಿಂದ ಒಂದು ನಕಲು ತಗದಿಟ್ರ, ಕೆಟ್ಟಾಗ ನಿನ್ನೆ ಇದ್ದ ಸ್ಥಿತಿಗೆ ತಿರುಗಿ ಹೋಗಬಹುದು. ಆದ್ರ ಒಂದು ತಿಳಕೋರಿ. ಅದು ಮನಿ ಗೋಡಿ, ಛಾವಣಿ ಉಳಸ್ತದ. ಟ್ರಂಕಿನಾಗಿನ ಸೀರಿ ಉಳಸಂಗಿಲ್ಲ. ನಮ್ಮ ಫೋಟೊ, ಕಾಗದಪತ್ರಕ್ಕ ಬ್ಯಾರೆ ಕಾಪಿ ಇಡಬೇಕು.

ಈಗ ಹಾಡಿನ ಕತಿ. ಹೊಸಾ ವ್ಯವಸ್ಥಾದಾಗ ಮಾವನವರ ಫೈಲು ತಗದ್ರ ಕನ್ನಡದ ಒಂದು ಅಕ್ಷರ ಕಾಣಲಿಲ್ಲ. ಇಂಗ್ಲಿಷ್ ಅಕ್ಷರ, ಅವುಗಳ ಮ್ಯಾಲೆ ಗೀಟು, ಚುಕ್ಕಿ, ನಡುನಡುವ ಬ್ರಿಟಿಷರ ಪೌಂಡಿನ ಗುರುತು. ಅತ್ತಿ ಹಿಂದ ನಿಂತು ನೋಡ್ಲಿಕ್ಕೆ ಹತ್ತಿದ್ರು. "ಹೋದ್ವೇನs?" ಅಂದ್ರು. ನಮ್ಮನಿಯವರು ವೈರಸ್ಸು ಅಂದ್ರು. ಗುಂಪಿನಾಗ "ಲಿನಕ್ಸಿನಾಗ ನುಡಿ ಹೆಂಗ ಹಾಕೋದು" ಅಂತ ಕೇಳಿಯೂ ಬಿಟ್ರು.

ನಾ ಫೈಲು ಮುಚ್ಚಲಿಲ್ಲ. ಒಂದೊಂದ ತಗದು ನೋಡಿದೆ. ಮಾವನವರಿಗೆ ಒಂದು ರೂಢಿ ಇತ್ತು, ಪ್ರತಿ ಹಾಡಿನ ಕೆಳಗ ತಮ್ಮ ಊರಿನ ಹೆಸರು ‘ನವಲಗುಂದ’ ಅಂತ ಬರೀತಿದ್ರು. ನೋಡಿದ್ರ ಎಲ್ಲಾ ಫೈಲಿನ ಕೊನಿಗೂ ಒಂದ ನಮೂನಿ ಗುರುತಿನ ಸಾಲು, ಪೌಂಡಿನಿಂದನ ಶುರು. ಅಂದ್ರ ಪೌಂಡ್ ಇದ್ದಲ್ಲೆ ‘ನ’ ಇರಬೇಕು. ಕೆಟ್ಟುಹೋದದ್ದು ಹಿಂಗ ಸಾಲಾಗಿ, ಲೆಕ್ಕದಾಗ ಕೆಡಂಗಿಲ್ಲ. ಇದನ್ನ ಗುಂಪಿನಾಗ ಬರದೆ. ಫೈಲಿನ ಅಕ್ಷರದ ಮ್ಯಾಲೆ ಕ್ಲಿಕ್ ಮಾಡಿದ್ರ ಮ್ಯಾಲಿನ ಪಟ್ಟ್ಯಾಗ ಫಾಂಟಿನ ಹೆಸರು ಕಾಣಸ್ತದ, ಅದು ನುಡಿದು, ಅದನ್ನೂ ಬರದೆ. "ಮತ್ತ ನಮಗ ಬೇಕಾದದ್ದು ನುಡಿ ಅಲ್ರಿ, ಹಾಡು ಓದಲಿಕ್ಕೆ ಬರಬೇಕು, ತಿದ್ದಲಿಕ್ಕೂ ಬರಬೇಕು" ಅಂತ ಕೊನಿಗೆ ಹಾಕಿದೆ.

ಒಬ್ಬ ಹುಡುಗ, ಇಂಜಿನಿಯರಿಂಗ್ ಓದ್ತಾನಂತ, ಸಾವಕಾಶ ತಿಳಿಸಿ ಹೇಳಿದ. ಹಿಂದಿನ ಕಾಲದ ಫಾಂಟಿನಾಗ ಇಂಗ್ಲಿಷ್ ಅಕ್ಷರಕ್ಕಂತ ಇದ್ದ ಮನಿಯೊಳಗ ಕನ್ನಡದ ಚಿತ್ರ ಕೂಡಿಸಿದ್ರು. ಆವಾಗ ಅದ ದಾರಿ. ಫಾಂಟ್ ಇದ್ರ ಕನ್ನಡ ಕಾಣಸ್ತದ, ಇಲ್ಲಂದ್ರ ಒಳಗಿನ ಇಂಗ್ಲಿಷ್ ಹೊರಗ ಬೀಳ್ತದ. ಯುನಿಕೋಡಿನಾಗ ಹಂಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ತನ್ನ ಸ್ವಂತ ನಂಬರ ಅದ. ಅದೂ ಆ ಲಿನಕ್ಸ್ ಹುಟ್ಟಿದ 1991ರಾಗನ ಕೊಟ್ಟದ್ದು. ಫೈಲು ಗಟ್ಟಿ ಅದಾವ ಅಜ್ಜಿಗೆ ಹೇಳ್ರಿ ಅಂದ. ದಾರಿ ಎರಡು. ನುಡಿ ಫಾಂಟ್ ಅಷ್ಟ ತಂದು ಹಾಕಿದ್ರ ಇವತ್ತ ಓದಬಹುದು. ಕಾಯಂ ಉಳೀಬೇಕಂದ್ರ ಯುನಿಕೋಡಿಗೆ ಬದಲಾಯಿಸಬೇಕು. ಅದಕ್ಕ ಪುಗಸಟ್ಟೆ ಸಿಗೋ ಸಣ್ಣ ಪ್ರೋಗ್ರಾಮ್ ಅದಾವ. ಮೂಲ ಫೈಲು ಮಾತ್ರ ಹಂಗ ಇಟ್ಟಿರ್ರಿ, ಬದಲಾಯಿಸೋದು ನಕಲಿನ ಮ್ಯಾಲೆ ಅಂದ.

ನಾವು ಎರಡೂ ಮಾಡಿದ್ವಿ. ಬದಲಾದ ಮ್ಯಾಲೆ ತಪ್ಪು ಉಳೀತಾವ, ಮುಖ್ಯವಾಗಿ ಅರ್ಕಾವತ್ತು. ಹಳೇ ಪದ್ಧತ್ಯಾಗ ಅದನ್ನ ಅಕ್ಷರ ಆದ ಮ್ಯಾಲೆ, ಕಣ್ಣಿಗೆ ಕಾಣೋ ಜಾಗಾದಾಗ ಇಟ್ಟಿರ್ತಾರ, ಯುನಿಕೋಡಿನಾಗ ಅಕ್ಷರದ ಮೊದ್ಲ ಬರ್ತದ. ನಡುವ ಒಮ್ಮೊಮ್ಮೆ ಜಾರಿ ಬ್ಯಾರೆ ಅಕ್ಷರಕ್ಕ ಹತ್ತಿಕೋತದ. ತಿದ್ದಲಿಕ್ಕೆ ಕನ್ನಡ ಕೀಲಿಮಣಿ ಬೇಕಾತು. ಎಕ್ಸ್‌ಎಫ್‌ಸಿಇದಾಗ ಕೀಬೋರ್ಡ್ ಸೆಟ್ಟಿಂಗಿಗೆ ಹೋಗಿ, ಲೇಔಟ್ ಅನ್ನೋದರಾಗ ‘ಸಿಸ್ಟಮ್ ಡಿಫಾಲ್ಟ್ಸ್ ಬಳಸು’ ಅನ್ನೋದನ್ನ ಮೊದ್ಲ ತಗೀಬೇಕು. ಅದನ್ನ ತಗೀಲಾರದ ಮುಂದಿನ ಗುಂಡಿ ಯಾವೂ ಏಳಂಗಿಲ್ಲ. ಆಮ್ಯಾಲೆ ಕನ್ನಡದಾಗ ಕಗಪ ಅಂತ ಇರೋದನ್ನ ಸೇರಿಸೋದು. ಕೆ.ಪಿ. ರಾವ್ ಅವರ ವಿನ್ಯಾಸದ್ದು, ನುಡಿ ರೂಢಿ ಇದ್ದವರಿಗೆ ಕೈ ತಾನ ಓಡ್ತದ.

ಎರಡು ತಿಂಗಳು ದಿನಾ ಮಧ್ಯಾಹ್ನ ಅದ ಹೊತ್ತಿಗೆ, ಮಾವನವರು ಕೂಡ್ತಿದ್ದ ಖುರ್ಚಿ ಮ್ಯಾಲೆ ನಾ, ಎದುರಿಗೆ ಅತ್ತಿ. ನಾ ಓದೋದು, ಅವರು ಕೇಳೋದು. ತಪ್ಪಿದ್ದಲ್ಲೆ ಥಟ್ಟನ ಕೈ ಎತ್ತತಾರ. ತಾವಾಗಿ ಎರಡನೇ ಚರಣ ಹಿಡೀಲಿಕ್ಕೆ ಬರಲಾರದವರು, ನಾ ಮೊದಲನೇ ಮಾತು ಓದಿದ ಕೂಡ್ಲೆ ಕಣ್ಣು ಮುಚ್ಚಿ ಪೂರ್ತಿ ಹಾಡಿಬಿಡ್ತಾರ. ನಾ ಕಂಪ್ಯೂಟರ್ ಬಿಟ್ಟು ಫೋನಿನಾಗ ಅದನ್ನ ತುಂಬಿಕೊಳ್ಳೋದು. ಒಂದು ಉರುಟಣಿ ಹಾಡಿನಾಗ ಫೈಲು ‘ಹೊನ್ನಿನ’ ಅಂತದ, ಅತ್ತಿ ‘ಹೂವಿನ’ ಅಂತಾರ. "ಅವರು ಕೇಳಿಸಿಕೊಂಡದ್ದ ತಪ್ಪು" ಅಂತಾರ. ಎರಡೂ ಬರದಿಟ್ಟೀನಿ.

ನಲವತ್ತಾರರಾಗ ನಲವತ್ಮೂರು ಆಗ್ಯಾವ. ಉಳದ ಮೂರರಾಗ ಪೌಂಡಿನ ಗುರುತಿಲ್ಲ, ಬರೀ ಅಕ್ಷರದ ಫೈಲು, ಫಾಂಟಿನ ಹೆಸರೂ ಇಲ್ಲ. ನುಡಿ ಪ್ರೋಗ್ರಾಮಿಗೆ ಹಾಕಿದ್ರ ಏನೇನೋ ಬರ್ತದ. ಅದರಾಗ ಒಂದು ಬೀಗರ ಹಾಡು, ಮದವ್ಯಾಗ ಅದ ಬೇಕು ಅಂತ ಮಗಳು ಹಟಾ ಹಿಡದಾಳ. ಮೊನ್ನೆ ಎಲ್ಲಾ ವಿವರ ಬರದು ಹಾಕೀನಿ. ನಿನ್ನೆ ರಾತ್ರಿ ಆ ಹುಡುಗ, "ಆ ಹಾಡಿನಾಗ ನಿಮಗ ಖಾತ್ರಿ ಗೊತ್ತಿರೋ ಒಂದು ಸಾಲು ಕೊಡ್ರಿ ಆಂಟಿ, ಅದನ್ನ ಇಟ್ಕೊಂಡು ಯಾವ ಗುರುತು ಯಾವ ಅಕ್ಷರ ಅಂತ ಬಿಡಸೋಣು" ಅಂತ ಬರದಾನ. ಅತ್ತಿ ಊಟಾ ಮಾಡಿ ಮಲಗ್ಯಾರ. ಎದ್ದು ಚಹಾ ಕುಡದ ಮ್ಯಾಲೆ ಕೇಳಬೇಕು.